ವೆಬ್‌ಸೈಟ್ ತೆರೆಯಲು ತಡವಾದರೆ ಗಿರಾಕಿ ನಿಲ್ಲುವುದಿಲ್ಲ



ಗಿರಾಕಿ ಬಂದು ಕುಳಿತ ಕೂಡಲೇ ಮೇಜಿನ ಮೇಲೆ ನೀರಿನ ಗ್ಲಾಸು ಇಡಬೇಕು ಎಂಬುದು ಹಿರಿಯರು ನಮಗೆ ಕಲಿಸಿದ ಮೊದಲ ಪಾಠ. ನೀರು ಬಂದರೆ ದೋಸೆ ಹತ್ತು ನಿಮಿಷ ತಡವಾದರೂ ಆತ ಕಾಯುತ್ತಾನೆ. ಯಾರೂ ತಿರುಗಿ ನೋಡದಿದ್ದರೆ ಎರಡೇ ನಿಮಿಷದಲ್ಲಿ ಎದ್ದು ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಈ ಪಾಠವನ್ನು ನಾವು ಅಂಗಡಿಯಲ್ಲಿ ಪಾಲಿಸಿದೆವು, ಆದರೆ ನಮ್ಮ ವೆಬ್‌ಸೈಟಿನಲ್ಲಿ ಮರೆತುಬಿಟ್ಟೆವು. ಅದರಿಂದ ಆದ ನಷ್ಟ ಮತ್ತು ಕಲಿತ ವಿಷಯಗಳನ್ನು ಸದಸ್ಯರೊಡನೆ ಹಂಚಿಕೊಳ್ಳಲು ಈ ಲೇಖನ.

ನಾವು ಮುಂಬಯಿಯ ರಾತ್ರಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವರು. ಕಂಪ್ಯೂಟರ್ ವಿದ್ಯೆ ನಮ್ಮದಲ್ಲ. ಹಾಗಾಗಿ ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇವೆ.

ನಷ್ಟ ತಿಳಿದದ್ದು ಹೇಗೆ?

ಉಪನಗರದಲ್ಲಿರುವ ನಮ್ಮ ಹೋಟೆಲಿನ ಜೊತೆಗೆ ಕೇಟರಿಂಗ್ ಕೂಡ ಇದೆ. ಅದಕ್ಕಾಗಿ ಒಂದು ವೆಬ್‌ಸೈಟ್ ಮಾಡಿಸಿದ್ದೆವು. ಗೂಗಲ್ ಜಾಹೀರಾತಿಗೆ ತಿಂಗಳಿಗೆ 6,000 ರೂ. ಕೊಡುತ್ತಿದ್ದೆವು. ಆದರೂ ವಿಚಾರಣೆಯ ಫೋನುಗಳು ತಿಂಗಳಿಗೆ ಮೂರು ನಾಲ್ಕು ದಾಟುತ್ತಿರಲಿಲ್ಲ. ಸ್ಪರ್ಧೆ ಹೆಚ್ಚಾಗಿದೆ ಎಂದು ಸಮಾಧಾನ ಪಟ್ಟುಕೊಂಡಿದ್ದೆವು.

ಒಂದು ದಿನ ನಮ್ಮ ಹಳೆಯ ಗಿರಾಕಿ, ಗುಜರಾತಿ ಹಿರಿಯರೊಬ್ಬರು, ಗಲ್ಲೆಯ ಬಳಿ ಬಂದು, “ಅಣ್ಣಾ, ಮಗಳ ನಿಶ್ಚಿತಾರ್ಥಕ್ಕೆ 250 ಜನರ ಊಟ ನಿಮಗೇ ಕೊಡಬೇಕೆಂದಿದ್ದೆ. ಮಗಳು ಫೋನಿನಲ್ಲಿ ನಿಮ್ಮ ಮೆನು ನೋಡಲು ಹೋದಳು, ಅದು ತೆರೆಯಲೇ ಇಲ್ಲ. ಬೇರೆಯವರದ್ದು ನೋಡಿ ಬುಕ್ ಮಾಡಿಬಿಟ್ಟಳು” ಎಂದರು. ಇಪ್ಪತ್ತು ವರ್ಷ ನಮ್ಮಲ್ಲಿ ಇಡ್ಲಿ ತಿಂದವರ ಮನೆಯ ಕಾರ್ಯ ಕೈತಪ್ಪಿತು. ಗುರುತು ಇದ್ದುದರಿಂದ ಅವರು ಹೇಳಿದರು. ಹೇಳದೆ ಹೋದವರು ಎಷ್ಟು ಜನರೋ?

ನಮ್ಮ ಫೋನಿನಲ್ಲಿ ಮಾತ್ರ ವೆಬ್‌ಸೈಟ್ ಚೆನ್ನಾಗಿಯೇ ತೆರೆಯುತ್ತಿತ್ತು. ಇದರ ಗುಟ್ಟನ್ನು ಸೊಸೆ ತಿಳಿಸಿದಳು. ಒಮ್ಮೆ ನೋಡಿದ ಪುಟದ ಚಿತ್ರಗಳನ್ನು ಫೋನ್ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಎರಡನೇ ಸಲ ಅಲ್ಲಿಂದಲೇ ತೋರಿಸುತ್ತದೆ. ಸಾಲದ್ದಕ್ಕೆ ನಾವು ನೋಡುತ್ತಿದ್ದುದು ಹೋಟೆಲಿನ ವೈಫೈಯಲ್ಲಿ. ಹೊಸ ಗಿರಾಕಿ ನೋಡುವುದು ಲೋಕಲ್ ರೈಲಿನಲ್ಲಿ, ಮೊದಲ ಸಲ. ವೈಫೈ ಆರಿಸಿ, ಪ್ರೈವೇಟ್ ವಿಂಡೋದಲ್ಲಿ, ಸಪ್ಲೈಯರ್ ಹುಡುಗನ ಹಳೆಯ ಫೋನಿನಲ್ಲಿ ತೆರೆದು ನೋಡಿದೆವು. ಅರ್ಧ ನಿಮಿಷ ಬಿಳಿ ಪರದೆಯೇ ಕಂಡಿತು! ಮಾಲಕರಿಗೇ ತಮ್ಮ ಸೈಟಿನ ದೋಷ ಕಾಣದಿರಲು ಇದೇ ಕಾರಣ.

ಜಾಹೀರಾತಿನ ಹಣವೂ ಹೀಗೆಯೇ ಪೋಲಾಗುತ್ತಿತ್ತು. ಗಿರಾಕಿ ಜಾಹೀರಾತನ್ನು ಒತ್ತಿದ ಕೂಡಲೇ ನಮ್ಮ ಲೆಕ್ಕಕ್ಕೆ ಹಣ ಬೀಳುತ್ತದೆ. ಪುಟ ತೆರೆಯುವ ಮೊದಲೇ ಆತ ಹಿಂದಕ್ಕೆ ಹೋದರೂ ಆ ಹಣ ಹೋದಂತೆಯೇ. ಮೊಬೈಲಿನಲ್ಲಿ ಪುಟ ತೆರೆಯಲು 3 ಸೆಕೆಂಡಿಗಿಂತ ಹೆಚ್ಚಾದರೆ ನೂರರಲ್ಲಿ 53 ಭೇಟಿಗಳು ಅಲ್ಲಿಗೇ ಮುಗಿಯುತ್ತವೆ ಎಂದು ಗೂಗಲ್ 2016ರಲ್ಲಿ ಪ್ರಕಟಿಸಿತ್ತು. ಈಗ ಜನರ ತಾಳ್ಮೆ ಹೆಚ್ಚಿದೆಯೆಂದು ನಮಗೇನೂ ಅನಿಸುವುದಿಲ್ಲ.

ತಡವಾಗಲು ಕಾರಣಗಳು

ಒಂದು, ಫೋಟೋಗಳ ಭಾರ. ನಮ್ಮ ಮೊದಲ ಪುಟದಲ್ಲಿ 9 ಫೋಟೋಗಳಿದ್ದವು. ಫೋನಿನಲ್ಲಿ ತೆಗೆದವನ್ನು ಹಾಗೆಯೇ ಹಾಕಿದ್ದರು. ಒಂದೊಂದೂ ಸುಮಾರು 4 ಎಂಬಿ, ಒಟ್ಟು 36 ಎಂಬಿ. ಸೆಕೆಂಡಿಗೆ 10 ಮೆಗಾಬಿಟ್ ಸಿಗುವ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ 1.25 ಎಂಬಿ ಇಳಿಯುತ್ತದೆ, ಏಕೆಂದರೆ 8 ಬಿಟ್ ಸೇರಿದರೆ 1 ಬೈಟ್. ಹಾಗಾದರೆ 36 ಎಂಬಿ ಇಳಿಯಲು ಸುಮಾರು 29 ಸೆಕೆಂಡು ಬೇಕು. ಕ್ಯಾಮರಾದ ಫೋಟೋ 4000 ಚುಕ್ಕೆಗಳಷ್ಟು ಅಗಲ ಇರುತ್ತದೆ. ಸಾಮಾನ್ಯ ಫೋನಿನ ಪರದೆಯ ಅಗಲ 1080 ಚುಕ್ಕೆಗಳ ಆಸುಪಾಸು. ಒಂದು ಪ್ಲೇಟ್ ಉಪ್ಪಿಟ್ಟು ಕೇಳಿದವನ ಮುಂದೆ ಇಡೀ ಪಾತ್ರೆ ತಂದಿಟ್ಟಂತೆ ಇದು.

ಇದಕ್ಕೆ ಪರಿಹಾರ ಸುಲಭ. ಫೋಟೋದ ಅಗಲವನ್ನು ಕಡಿಮೆ ಮಾಡಿ, ವೆಬ್‌ಪಿ ಎಂಬ ರೂಪಕ್ಕೆ ಬದಲಾಯಿಸಬೇಕು. ಇದನ್ನು ಗೂಗಲ್ 2010ರಲ್ಲಿ ಹೊರತಂದಿತು. ಅದೇ ಗುಣಮಟ್ಟದ ಜೆಪೆಗ್ ಚಿತ್ರಕ್ಕಿಂತ ಇದು ನೂರಕ್ಕೆ 25ರಿಂದ 34ರಷ್ಟು ಹಗುರ ಎಂದು ಅವರೇ ಹೇಳುತ್ತಾರೆ. ನಮ್ಮ ಫೋಟೋಗಳು ತಲಾ 120 ಕೆಬಿಗೆ ಇಳಿದವು. ಒಂಬತ್ತೂ ಸೇರಿ 1 ಎಂಬಿಯ ಆಸುಪಾಸು, ಅಂದರೆ ಅದೇ ನೆಟ್‌ವರ್ಕಿನಲ್ಲಿ 1 ಸೆಕೆಂಡಿನೊಳಗಿನ ಕೆಲಸ. ಇದಲ್ಲದೆ ಪುಟದ ಕೆಳಗಿನ ಫೋಟೋಗಳು ಗಿರಾಕಿ ಅಲ್ಲಿಗೆ ಬಂದಾಗ ಮಾತ್ರ ಇಳಿಯುವಂತೆ ಮಾಡಬಹುದು. ಊಟ ಮುಗಿಯುವ ಹೊತ್ತಿಗೆ ಪಾಯಸ ಬಡಿಸುವ ಕ್ರಮವೇ ಇದು.

ಎರಡು, ಮೆನು ಕಾರ್ಡಿನ ಪಿಡಿಎಫ್. ಅಚ್ಚಾದ ಮೆನುವನ್ನು ಸ್ಕ್ಯಾನ್ ಮಾಡಿ ಹಾಕುವುದು ನಮ್ಮವರಲ್ಲಿ ಸಾಮಾನ್ಯ. ಅದು ಭಾರ, ಫೋನಿನಲ್ಲಿ ಎಳೆದು ಎಳೆದು ಓದಬೇಕು, ದರ ಬದಲಾದರೆ ಮತ್ತೆ ಸ್ಕ್ಯಾನ್ ಮಾಡಬೇಕು. ಮೆನುವನ್ನು ಅಕ್ಷರಗಳಲ್ಲೇ ಬರೆಸಿ. ನೂರು ತಿಂಡಿಗಳ ಹೆಸರು ಮತ್ತು ದರ ಸೇರಿದರೂ ಒಂದು ಸಣ್ಣ ಫೋಟೋದಷ್ಟು ಭಾರ ಆಗುವುದಿಲ್ಲ.

ಮೂರು, ಸರ್ವರ್ ಇರುವ ಜಾಗ. ಅಗ್ಗಕ್ಕೆ ಸಿಕ್ಕಿತೆಂದು ನಮ್ಮ ಸೈಟನ್ನು ಅಮೆರಿಕದ ಸರ್ವರಿನಲ್ಲಿ ಇಟ್ಟಿದ್ದರು. ಗಾಜಿನ ಕೇಬಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಮುಂಬಯಿಯಿಂದ ನ್ಯೂಯಾರ್ಕಿಗೆ ನೇರ ದೂರವೇ ಸುಮಾರು 12,500 ಕಿ.ಮೀ. ಹೋಗಿ ಬರಲು ಕಡಿಮೆಯೆಂದರೂ ಸೆಕೆಂಡಿನ ಎಂಟನೇ ಒಂದು ಭಾಗ ಬೇಕು. ಪುಟ ಬರುವುದಕ್ಕೆ ಮೊದಲು ಇಂಥ ಮೂರು ನಾಲ್ಕು ಓಡಾಟ ಆಗಬೇಕಾದ್ದರಿಂದ ಅರ್ಧ ಸೆಕೆಂಡು ದಾರಿಯಲ್ಲೇ ಹೋಯಿತು. ಮುಂಬಯಿಯಲ್ಲೇ ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ತಮ್ಮ ಸರ್ವರ್ ಕೇಂದ್ರಗಳನ್ನು ತೆರೆದಿವೆ. ಗಿರಾಕಿಗಳು ಭಾರತದಲ್ಲಿದ್ದರೆ ಸೈಟನ್ನೂ ಭಾರತದಲ್ಲೇ ಇಡುವುದು ಒಳ್ಳೆಯದು.

ನಾಲ್ಕು, ಸಿದ್ಧತೆ ಇಲ್ಲದಿರುವುದು. ಬೆಳಿಗ್ಗೆ ಡಿಕಾಕ್ಷನ್ ಇಳಿಸಿ ಇಡದೆ, ಪ್ರತಿ ಕಪ್ಪು ಕಾಫಿಗೂ ಬೀಜ ಹುರಿಯಲು ಕುಳಿತರೆ ಹೇಗಾದೀತು? ಅನೇಕ ಸೈಟುಗಳು ಪ್ರತಿ ಗಿರಾಕಿಗೂ ಪುಟವನ್ನು ಹೊಸದಾಗಿ ಕಟ್ಟುತ್ತವೆ. ಕಟ್ಟಿದ ಪುಟವನ್ನು ಸಿದ್ಧವಾಗಿ ಇಟ್ಟು ಕೊಡುವುದಕ್ಕೆ ಕ್ಯಾಶೆ ಎನ್ನುತ್ತಾರೆ. ಸೈಟ್ ಮಾಡಿದವರಿಗೆ ಹೇಳಿದರೆ ಹೆಚ್ಚು ಶ್ರಮವಿಲ್ಲದೆ ಮಾಡಿಕೊಡುತ್ತಾರೆ.

ಐದು, ಬೇಡದ ಅಲಂಕಾರ. ತಾನಾಗಿ ಓಡುವ ವಿಡಿಯೋ, ಜಾರುವ ಬ್ಯಾನರ್, ಚಾಟ್ ಪೆಟ್ಟಿಗೆ, ಕಳೆದ ದೀಪಾವಳಿಯ ಪಾಪ್‌ಅಪ್. ಪ್ರತಿಯೊಂದರ ಹಿಂದೆಯೂ ಫೋನ್ ಓದಬೇಕಾದ ಪ್ರೋಗ್ರಾಂ ಇರುತ್ತದೆ. ಅಗ್ಗದ ಫೋನು ಇದರಿಂದಲೇ ಸುಸ್ತಾಗುತ್ತದೆ. ನಾವು ಎಲ್ಲವನ್ನೂ ತೆಗೆಸಿದೆವು. ಒಬ್ಬ ಗಿರಾಕಿಯೂ ಅದೆಲ್ಲಿ ಹೋಯಿತೆಂದು ಕೇಳಲಿಲ್ಲ.

ಅಳೆಯುವುದು ಹೇಗೆ?

ಗೂಗಲಿನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಪುಟವಿದೆ. ಅಲ್ಲಿ ನಿಮ್ಮ ಸೈಟಿನ ವಿಳಾಸ ಹಾಕಿ, ಮೊಬೈಲ್ ಎಂಬಲ್ಲಿ ಬರುವ ಅಂಕ ನೋಡಿ. ನೂರಕ್ಕೆ 90ರ ಮೇಲಿದ್ದರೆ ಹಸಿರು, 50ರಿಂದ 89 ಕಿತ್ತಳೆ, ಅದಕ್ಕಿಂತ ಕೆಳಗೆ ಕೆಂಪು. ನಮ್ಮದು 21 ಇತ್ತು, ಈಗ 84. ಅಂಕದ ಜೊತೆಗೆ ಮೂರು ಅಳತೆಗಳನ್ನು ಗಮನಿಸಬೇಕು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಬೆರಳು ಒತ್ತಿದರೆ 200 ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಐದನೇ ಒಂದು ಭಾಗದಲ್ಲಿ, ಪುಟ ಸ್ಪಂದಿಸಬೇಕು. ಈ ಅಳತೆ 2024ರ ಮಾರ್ಚಿನಿಂದ ಸೇರಿದೆ. ಮೂರನೆಯದಾಗಿ, ಓದುತ್ತಿರುವಾಗ ಪುಟ ಅಲುಗಾಡಬಾರದು, ಅದರ ಅಂಕಿ 0.1ಕ್ಕಿಂತ ಮೇಲೆ ಹೋಗಬಾರದು. ಫೋನ್ ನಂಬರ್ ಒತ್ತಲು ಹೋದಾಗ ಅದು ಕೆಳಗೆ ಜಾರಿ ಇನ್ನೇನೋ ಒತ್ತಿಹೋಗುವುದು ಎಲ್ಲರಿಗೂ ಅನುಭವವಿರುವ ಕಿರಿಕಿರಿ.

ಹುಡುಕಾಟದಲ್ಲಿ ಮೇಲೆ ಬರುವುದಕ್ಕೂ ವೇಗ ಒಂದು ಅಂಶ. ಗೂಗಲ್ 2010ರಿಂದ ಕಂಪ್ಯೂಟರ್ ಹುಡುಕಾಟದಲ್ಲೂ 2018ರ ಜುಲೈಯಿಂದ ಮೊಬೈಲ್ ಹುಡುಕಾಟದಲ್ಲೂ ಇದನ್ನು ಪರಿಗಣಿಸುತ್ತಿದೆ. ಆದರೆ ವೇಗವೊಂದೇ ಸಾಲದು. ಗಿರಾಕಿ ಹುಡುಕಿದ ವಿಷಯ ಪುಟದಲ್ಲಿರುವುದೇ ಮುಖ್ಯ.

ಹಣ ಕೊಡುವ ಮುನ್ನ ಕೇಳಿ

ಸೈಟ್ ಮಾಡುವವರ ಬಳಿ ಈ ನಾಲ್ಕು ಪ್ರಶ್ನೆ ಕೇಳಿ. ಮೊದಲ ಪುಟದ ಒಟ್ಟು ಭಾರ ಎಷ್ಟು ಎಂಬಿ? ಸರ್ವರ್ ಯಾವ ಊರಿನಲ್ಲಿದೆ? ಮೊಬೈಲಿನ ಅಂಕ ಎಷ್ಟು ಬರುವಂತೆ ಮಾಡಿಕೊಡುತ್ತೀರಿ? ವಿಳಾಸದ ನೋಂದಣಿ ಮತ್ತು ಪಾಸ್‌ವರ್ಡ್ ಯಾರ ಹೆಸರಿನಲ್ಲಿ ಇರುತ್ತದೆ? ಕೊನೆಯದು ನಿಮ್ಮ ಹೆಸರಿನಲ್ಲೇ ಇರಬೇಕು. ಅಂಗಡಿಯ ಬೀಗದ ಕೈಯನ್ನು ಯಾರೂ ಬಡಗಿಯ ಬಳಿ ಬಿಟ್ಟಿರುವುದಿಲ್ಲ.

ನಮಗೆ ಈ ಕೆಲಸಕ್ಕೆ ಒಟ್ಟು 14,000 ರೂ. ಖರ್ಚಾಯಿತು. ಈಗ ತಿಂಗಳಿಗೆ ಹತ್ತು ಹನ್ನೆರಡು ವಿಚಾರಣೆ ಬರುತ್ತಿವೆ. ಲಗ್ನದ ಸೀಸನ್ ಕೂಡ ಇದ್ದುದರಿಂದ ಎಲ್ಲವೂ ವೇಗದಿಂದಲೇ ಎನ್ನುವಂತಿಲ್ಲ. ಆದರೆ ಈ ಆರ್ಡರುಗಳು ನೇರವಾಗಿ ನಮಗೇ ಬರುತ್ತವೆ, ಯಾವ ಆ್ಯಪಿಗೂ ಕಮಿಷನ್ ಕೊಡಬೇಕಾಗಿಲ್ಲ.

ವೇಗದ ಸೈಟಿನಿಂದ ಸಾಂಬಾರಿನ ರುಚಿ ಹೆಚ್ಚುವುದಿಲ್ಲ, ನಿಜ. ಆದರೆ ಬಾಗಿಲೇ ತೆರೆಯದಿದ್ದರೆ ಸಾಂಬಾರಿನ ರುಚಿ ನೋಡುವವರು ಯಾರು? ಸದಸ್ಯರೆಲ್ಲರೂ ಇಂದೇ ಗಲ್ಲೆಯಲ್ಲಿ ಕುಳಿತು, ವೈಫೈ ಆರಿಸಿ, ಹುಡುಗನ ಫೋನಿನಲ್ಲಿ ತಮ್ಮ ಸೈಟ್ ತೆರೆದು ನೋಡಲಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುವುದರೊಳಗೆ ಮೆನು ಕಾಣದಿದ್ದರೆ, ಸಂಘದ ಮುಂದಿನ ಸಭೆಗೆ ಫೋನ್ ಹಿಡಿದುಕೊಂಡು ಬನ್ನಿ. ನಮಗೆ ತಿಳಿದಷ್ಟನ್ನು ತೋರಿಸಿಕೊಡುತ್ತೇವೆ.