ಹೊಳೆಯುವ ಸ್ಟೀಲಿನ ಹೊಗೆ

ಹೊಸ ಮನೆಯ ಮೆಟ್ಟಿಲಿಗೆ, ಬಾಲ್ಕನಿಗೆ ಸ್ಟೀಲ್ ರೇಲಿಂಗ್ ಹಾಕಿಸುವುದು ಈಗ ಸಾಮಾನ್ಯ. ಹೊಟೇಲಿನ ಅಡುಗೆ ಮೇಜಿನಿಂದ ಹಿಡಿದು ಮಸೀದಿಯ ಗೇಟಿನವರೆಗೆ ಎಲ್ಲೆಲ್ಲೂ ಸ್ಟೇನ್‌ಲೆಸ್ ಸ್ಟೀಲ್. ಅದನ್ನು ಬೆಸೆಯುವವರಲ್ಲಿ ನಮ್ಮ ಮನೆಗಳ ಹುಡುಗರೂ ಬಹಳ. ಎಸೆಸೆಲ್ಸಿಯ ಬಳಿಕ ವೆಲ್ಡಿಂಗ್ ಶಾಪ್ ಸೇರಿ, ಕೈ ಕುದುರಿದೊಡನೆ ಗಲ್ಫ್‌ಗೆ ಹೊರಡುವವರು ಎಷ್ಟೋ ಮಂದಿ. ಅಂಥವರ ತಾಯಿ, ಪತ್ನಿ ಅಥವಾ ಸಹೋದರಿ ನೀವಾಗಿದ್ದರೆ ಈ ಲೇಖನವನ್ನು ಅವರಿಗೂ ಓದಿ ಹೇಳಿ.

ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುವಾಗಿಸಿ ಕೊಟ್ಟನೆಂದು ಕುರ್‌ಆನ್ ತಿಳಿಸುತ್ತದೆ. ಲೋಹದ ಕೆಲಸ ಗೌರವದ ಕೆಲಸ. ಭಯಪಡಬೇಕಾದದ್ದು ಅದರ ಹೊಗೆಗೆ.

ವೆಲ್ಡರ್ ತನ್ನ ಕಣ್ಣನ್ನು ಜೋಪಾನ ಮಾಡುತ್ತಾನೆ. ಏಕೆಂದರೆ ಕಪ್ಪು ಗಾಜಿಲ್ಲದೆ ಬೆಳಕು ನೋಡಿದರೆ ಅಂದು ರಾತ್ರಿಯೇ ಕಣ್ಣಿಗೆ ಮರಳು ಸುರಿದಂತಾಗುತ್ತದೆ. ಶ್ವಾಸಕೋಶ ಹಾಗೆ ಕೂಡಲೇ ದೂರು ಕೊಡುವುದಿಲ್ಲ. ವರ್ಷಗಟ್ಟಲೆ ಸುಮ್ಮನಿರುತ್ತದೆ.

ರೇಲಿಂಗ್‌ಗೆ ಬಳಸುವ 304 ಎಂಬ ಸ್ಟೀಲಿನಲ್ಲಿ ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕಲ್ ಇರುತ್ತದೆ. ತುಕ್ಕು ಹಿಡಿಯದಂತೆ ಕಾಯುವುದು ಈ ಕ್ರೋಮಿಯಮ್ಮೇ. ನಿಮ್ಮ ತಟ್ಟೆ-ಲೋಟಗಳಲ್ಲಿ ಅದು ನಿರುಪದ್ರವಿ, ಗಾಬರಿ ಬೇಡ. ಆದರೆ ಸಾವಿರಾರು ಡಿಗ್ರಿ ಶಾಖದಲ್ಲಿ ಲೋಹ ಆವಿಯಾದಾಗ ಅದರ ಒಂದಂಶ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷವಾಗುತ್ತದೆ. ಕೂದಲಿನ ದಪ್ಪದ ನೂರನೆಯ ಒಂದು ಪಾಲಿಗಿಂತಲೂ ಸಣ್ಣ ಕಣಗಳಾಗಿ ಅದು ಶ್ವಾಸಕೋಶದ ತಳಕ್ಕಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಈ ಕ್ರೋಮಿಯಂ ಮತ್ತು ನಿಕ್ಕಲ್ ಸಂಯುಕ್ತಗಳನ್ನು 1990ರಲ್ಲೇ ಕ್ಯಾನ್ಸರ್‌ಕಾರಕಗಳೆಂದು ಘೋಷಿಸಿತ್ತು. 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೇ, ಅದು ಯಾವ ಲೋಹದ್ದಾದರೂ ಸರಿ, ಆ ಪಟ್ಟಿಗೆ ಸೇರಿಸಿತು. ಬೀಡಿ-ಸಿಗರೇಟು ಸೇದುವವನಾದರೆ ಅಪಾಯ ಇನ್ನೂ ಹೆಚ್ಚು.

ರಾಡ್ ವೆಲ್ಡಿಂಗ್‌ನಲ್ಲಿ ಈ ವಿಷ ಹೆಚ್ಚು, ಟಿಗ್ ವೆಲ್ಡಿಂಗ್‌ನಲ್ಲಿ ಕಡಿಮೆ. ಹಾಗೆಂದು ಟಿಗ್ ಪೂರ್ತಿ ಸುರಕ್ಷಿತವಲ್ಲ. ಅದರ ಬೆಳಕಿನಿಂದ ಕಣ್ಣಿಗೆ ಕಾಣದ ಓಝೋನ್ ಅನಿಲ ಹುಟ್ಟಿ ಗಂಟಲು, ಎದೆ ಉರಿಸುತ್ತದೆ. ಟ್ಯಾಂಕಿನೊಳಗೆ ಇಳಿದು ಕೆಲಸ ಮಾಡುವಾಗ ಆರ್ಗಾನ್ ತುಂಬಿ ಆಮ್ಲಜನಕವೇ ಇಲ್ಲದಾಗಿ ಮನುಷ್ಯ ಕುಸಿದು ಬೀಳಬಹುದು.

ಗ್ಯಾಲ್ವನೈಸ್ಡ್ ಪೈಪ್ ಬೆಸೆದ ಸಂಜೆ ಚಳಿಜ್ವರ ಬಂದು ಒಂದೆರಡು ದಿನದಲ್ಲಿ ಇಳಿಯುವುದನ್ನು ಹಲವರು ಕಂಡಿದ್ದಾರೆ. ಅದು ಸತುವಿನ ಹೊಗೆಯ ಜ್ವರ. ಸ್ಟೀಲಿನ ಹೊಗೆಯೂ ಹಾಗೆಯೇ ಬಂದು ಹೋಗುತ್ತದೆಂದು ತಿಳಿಯುವುದು ದೊಡ್ಡ ತಪ್ಪು.

ಇನ್ನು ಬೆಲ್ಲ, ಹಾಲಿನ ನಂಬಿಕೆ. ಬೆಲ್ಲ ತಿಂದು ಹಾಲು ಕುಡಿದರೆ ಹೊಗೆ ತೊಳೆದು ಹೋಗುತ್ತದಂತೆ! ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋದದ್ದು ಶ್ವಾಸಕೋಶಕ್ಕೆ. ಮುಖಕ್ಕೆ ಕಟ್ಟುವ ಕರವಸ್ತ್ರವೂ ಅಷ್ಟೇ, ಈ ಕಣಗಳಿಗೆ ಅದು ತೆರೆದ ಬಾಗಿಲು. ಕನಿಷ್ಠ ಎನ್-95 ದರ್ಜೆಯ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು.

ಇಲ್ಲೊಂದು ನಮ್ಮದೇ ಪ್ರಶ್ನೆಯಿದೆ. ಗಡ್ಡವಿದ್ದರೆ ಇಂಥ ಮಾಸ್ಕ್ ಸರಿಯಾಗಿ ಕೂರುವುದಿಲ್ಲ, ಸಂದಿಯಿಂದ ಹೊಗೆ ನುಗ್ಗುತ್ತದೆ. ಅದಕ್ಕಾಗಿ ಗಡ್ಡ ತೆಗೆಯಬೇಕಾಗಿಲ್ಲ. ಬ್ಯಾಟರಿ ಫ್ಯಾನಿನಿಂದ ಶೋಧಿಸಿದ ಗಾಳಿ ಒದಗಿಸುವ, ಸಡಿಲ ಹುಡ್‌ನ ಹೆಲ್ಮೆಟ್‌ಗಳಿವೆ. ದುಬಾರಿ ನಿಜ. ಆದ್ದರಿಂದಲೇ ಮೊದಲು ಬೇಕಾದದ್ದು, ಬೆಸುಗೆಯ ಜಾಗದಿಂದಲೇ ಹೊಗೆಯನ್ನು ಎಳೆದು ಹೊರಹಾಕುವ ವ್ಯವಸ್ಥೆ. ಬಾಗಿಲು ತೆರೆದಿಟ್ಟರೆ ಸಾಲದು. ಬ್ರಿಟನ್ನಿನ ಆರೋಗ್ಯ ಸುರಕ್ಷತಾ ಇಲಾಖೆ 2019ರಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು. ಬಗ್ಗಿ ಹೊಗೆಯೊಳಗೆ ತಲೆಯಿಟ್ಟು ಬೆಸೆಯುವ ಅಭ್ಯಾಸವನ್ನಂತೂ ಇಂದೇ ಬಿಡಬಹುದು, ಅದಕ್ಕೆ ಖರ್ಚಿಲ್ಲ.

ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಆದೇಶ ನಮ್ಮ ಮಾಲಕರಿಗೆಲ್ಲ ಗೊತ್ತು. ಕೂಲಿ ಕೊಟ್ಟು ಉಸಿರು ಕಿತ್ತುಕೊಂಡರೆ ಲೆಕ್ಕ ಚುಕ್ತಾ ಆಗುವುದೇ?

ಸಹೋದರಿಯರೇ, ಕೆಲಸದ ಬಟ್ಟೆಯನ್ನು ಅಂಗಡಿಯಲ್ಲೇ ಬದಲಿಸಿ ಬರಲು ಹೇಳಿ. ಅದನ್ನು ಕೊಡವದೆ, ಮಕ್ಕಳ ಬಟ್ಟೆಯೊಂದಿಗೆ ಬೆರೆಸದೆ ಬೇರೆಯಾಗಿ ಒಗೆಯಿರಿ. ಕೆಮ್ಮು, ಉಬ್ಬಸ ಕೆಲಸದ ದಿನ ಹೆಚ್ಚಿ ರಜೆಯಲ್ಲಿ ಇಳಿಯುತ್ತದೆಯೇ, ಮೂಗಿನೊಳಗೆ ಹುಣ್ಣಾಗಿ ರಕ್ತ ಬರುತ್ತದೆಯೇ ಗಮನಿಸಿ. ಹಾಗಿದ್ದರೆ ಮೆಡಿಕಲ್‌ನಿಂದ ಕೆಮ್ಮಿನ ಸಿರಪ್ ತಂದು ಸುಮ್ಮನಾಗದೆ ವೈದ್ಯರ ಬಳಿ ಕಳುಹಿಸಿ. ಅವರು ಕೇಳದಿದ್ದರೂ, ತಾನು ಎಷ್ಟು ವರ್ಷದಿಂದ ಸ್ಟೀಲ್ ವೆಲ್ಡಿಂಗ್ ಮಾಡುತ್ತಿದ್ದೇನೆಂದು ಮೊದಲು ಹೇಳಲಿ.