ಹಸಿರು ವಸತಿಗೃಹ: ಲೆಕ್ಕಪುಸ್ತಕ ಏನನ್ನುತ್ತದೆ?

ದಂಡೋತಿಯ ಬಳಿ ಕಾಗಿಣಾ ನದಿಯು ಮಳೆಗಾಲದಲ್ಲಿ ಉಕ್ಕಿ ಹರಿದು ಸೇತುವೆಯನ್ನೇ ಮುಳುಗಿಸುವುದುಂಟು. ಅದೇ ಸೀಮೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟಿದಾಗ ಒಂದೊಂದು ಕೊಡ ನೀರಿಗೂ ಬೆಲೆ ಬರುತ್ತದೆ. ಸಿಮೆಂಟ್ ಕಾರ್ಖಾನೆ, ಶಹಾಬಾದ್ ಕಲ್ಲು, ವಾಡಿಯ ರೈಲ್ವೆ ಜಂಕ್ಷನ್ ಇವುಗಳ ನಿಮಿತ್ತ ಬಂದು ತಂಗುವವರನ್ನೇ ನೆಚ್ಚಿಕೊಂಡ ಈ ಭಾಗದ ವಸತಿಗೃಹಗಳಿಗೆ ನೀರು, ವಿದ್ಯುತ್ತಿನ ಮಿತವ್ಯಯವು ಶೋಕಿಯ ವಿಷಯವಾಗಿರದೆ ಖರ್ಚಿನ ವಿಷಯವಾಗಿದೆ. ಆದರೆ ಅದರಿಂದ ಗಿರಾಕಿ ಹೆಚ್ಚುವನೇ ಎಂಬುದು ಬೇರೆಯೇ ಪ್ರಶ್ನೆ.

ಮುಂಬಯಿಯಲ್ಲಿ ವಿಠಲ ಕಾಮತರು ಸ್ಥಾಪಿಸಿದ 'ಆರ್ಕಿಡ್' 1997ರಲ್ಲಿಯೇ ಪರಿಸರಸ್ನೇಹಿ ಹೋಟೆಲೆಂದು ಹೆಸರು ಮಾಡಿತು. ಬೆಂಗಳೂರಿನ ಐಟಿಸಿ ಗಾರ್ಡೇನಿಯಾ 2009ರಲ್ಲಿ ಆರಂಭವಾದಾಗಲೇ 'ಲೀಡ್' ಪ್ಲಾಟಿನಂ ದರ್ಜೆಯನ್ನು ಪಡೆದಿತ್ತು. ಇಂತಹ ಪ್ರಮಾಣಪತ್ರದಿಂದ ವ್ಯವಹಾರಕ್ಕೆ ಏನಾಗುತ್ತದೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ 2014ರಲ್ಲಿ ಪ್ರಕಟವಾದ ಅಧ್ಯಯನವು ಪರಿಶೀಲಿಸಿತು. ಲೀಡ್ ಪಡೆದ 93 ಹೋಟೆಲುಗಳನ್ನು ಪಡೆಯದ 514 ಹೋಟೆಲುಗಳೊಂದಿಗೆ ಹೋಲಿಸಿದಾಗ, ಮೊದಲ ಎರಡು ವರ್ಷಗಳಲ್ಲಾದರೂ ಕೊಠಡಿ ದರ ಮತ್ತು ಆದಾಯಗಳೆರಡರಲ್ಲಿಯೂ ಮೊದಲಿನವೇ ಮುಂದಿದ್ದವು. ಆದರೆ ಆ ಗಿರಾಕಿ ಬೇರೆ, ವಾಡಿಯಲ್ಲಿ ರಾತ್ರಿ ರೈಲಿಳಿಯುವ ಗಿರಾಕಿ ಬೇರೆ. ಅಲ್ಲಿಯ ಅಂಕಿಗಳನ್ನು ಇಲ್ಲಿಯ ಬ್ಯಾಂಕ್ ಸಾಲದ ಅರ್ಜಿಗೆ ಲಗತ್ತಿಸುವುದು ವಿವೇಕವೆನಿಸದು.

ಅತಿಥಿಯ ಮನೋಭಾವದ ಬಗ್ಗೆ ಇನ್ನೂ ಸ್ವಾರಸ್ಯಕರವಾದ ಪ್ರಯೋಗವೊಂದಿದೆ. ಗೋಲ್ಡ್‌ಸ್ಟೈನ್, ಚಾಲ್ಡೀನಿ ಮತ್ತು ಗ್ರಿಸ್ಕೆವಿಷಸ್ 2008ರಲ್ಲಿ ಪ್ರಕಟಿಸಿದ ಈ ಅಧ್ಯಯನವು ಟವೆಲಿಗೆ ಸಂಬಂಧಿಸಿದ್ದು. 'ಪರಿಸರ ಉಳಿಸಿ' ಎಂಬ ಫಲಕವಿದ್ದ ಕೊಠಡಿಗಳಲ್ಲಿ ಸುಮಾರು 35 ಪ್ರತಿಶತ ಅತಿಥಿಗಳು ಟವೆಲನ್ನು ಮರುಬಳಸಿದರೆ, 'ಬಹುಪಾಲು ಅತಿಥಿಗಳು ಮರುಬಳಸುತ್ತಾರೆ' ಎಂಬ ಫಲಕವಿದ್ದಲ್ಲಿ ಅದು 44 ಪ್ರತಿಶತಕ್ಕೇರಿತು. ಉಪದೇಶಕ್ಕಿಂತ ನಾಲ್ಕು ಜನರ ನಡತೆ ಹೆಚ್ಚು ನಾಟಿತೆಂದು ತಿಳಿಯಬಹುದು. ಆದರೆ ಜರ್ಮನಿಯಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪುನರ್‌ಪ್ರಯೋಗದಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಯಾವ ಫಲಕವಿದ್ದರೂ ಅತಿಥಿಗಳು ಹೆಚ್ಚಿನ ಪ್ರಮಾಣದಲ್ಲಿ ಮರುಬಳಸುತ್ತಿದ್ದರು. ಊರಿಗೆ ತಕ್ಕಂತೆ ಪರೀಕ್ಷಿಸಿ ನೋಡಬೇಕಾದ ವಿಷಯವಿದು. ಅರ್ಧ ಕೊಠಡಿಗಳಲ್ಲಿ ಒಂದು ಫಲಕ, ಉಳಿದರ್ಧದಲ್ಲಿ ಇನ್ನೊಂದನ್ನು ತೂಗುಹಾಕಿ ಅಗಸನ ಬಿಲ್ಲನ್ನು ಬೇರೆಬೇರೆಯಾಗಿ ಬರೆದಿಟ್ಟರೆ ಸಾಕು, ಅದಕ್ಕೆ ಪಂಡಿತರು ಬೇಕಿಲ್ಲ.

ಅತಿಥಿಯ ಒಪ್ಪಿಗೆಯನ್ನೇ ಕಾಯದ ಉಳಿತಾಯವೂ ಇದೆ. 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ ಬೇಕು. 20 ಕೊಠಡಿಗಳ ವಸತಿಗೃಹದಲ್ಲಿ ದಿನಕ್ಕೆ 14 ಕೊಠಡಿಗಳು ತುಂಬಿ, ಕೊಠಡಿಗೆ ಎರಡು ಬಕೆಟ್ ಎಂದಿಟ್ಟುಕೊಂಡರೆ ದಿನಕ್ಕೆ 14 ಯೂನಿಟ್, ವರ್ಷಕ್ಕೆ 5,000ಕ್ಕೂ ಮಿಕ್ಕಿದ ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ 40,000 ರೂಪಾಯಿ ದಾಟುತ್ತದೆ. ಸೌರ ಹೀಟರ್ ಈ ಮೊತ್ತವನ್ನು ಪೂರ್ತಿಯಾಗಿ ಉಳಿಸಲಾರದು. ಬೇಸಿಗೆಯಲ್ಲಿ ಬಿಸಿನೀರು ಕೇಳುವವರು ವಿರಳ, ಮೋಡದ ದಿನಗಳಲ್ಲಿ ಬಿಸಿಲೇ ಇರದು. ಈ ಎರಡನ್ನೂ ಕಳೆದ ಮೇಲೆಯೇ ಬಂಡವಾಳ ಎಷ್ಟು ವರ್ಷದಲ್ಲಿ ಮರಳೀತೆಂದು ನೋಡತಕ್ಕದ್ದು.

ಇಲ್ಲೊಂದು ತೆರಿಗೆಯ ತೊಡಕನ್ನು ಅನೇಕರು ಗಮನಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳ ಜಿಎಸ್‌ಟಿ ದರವು 12ರಿಂದ 5 ಪ್ರತಿಶತಕ್ಕಿಳಿಯಿತು, ಆದರೆ ಅದರೊಂದಿಗೆ ಹೂಡುವಳಿ ತೆರಿಗೆ ಜಮೆಯೂ ಇಲ್ಲವಾಯಿತು. ಹಿಂದೆ ಯಂತ್ರೋಪಕರಣಗಳ ಮೇಲೆ ತೆತ್ತ ತೆರಿಗೆಯನ್ನು ಹೊಂದಿಸಿಕೊಳ್ಳಬಹುದಾಗಿತ್ತು, ಈಗ ಅದು ನೇರವಾಗಿ ಮಾಲೀಕರ ಖರ್ಚು. ಅದೇ ದಿನದಿಂದ ಸೌರ ಹೀಟರಿನಂತಹ ಸಾಧನಗಳ ದರವೂ 5 ಪ್ರತಿಶತಕ್ಕಿಳಿದುದರಿಂದ ಅಲ್ಲಿ ಪೆಟ್ಟು ಹಗುರ. 18 ಪ್ರತಿಶತ ತೆರಿಗೆಯಿರುವ ಹವಾನಿಯಂತ್ರಕ ಮತ್ತು ಪಂಪುಗಳ ವಿಷಯದಲ್ಲಿ ಮಾತ್ರ ಸರಬರಾಜುದಾರರ ಕೊಟೇಶನ್ನನ್ನು ತೆರಿಗೆಸಹಿತ ಮೊತ್ತದಲ್ಲಿಯೇ ಪಡೆದು, ಅದರ ಮೇಲೆಯೇ ಮರುಪಾವತಿಯ ಅವಧಿಯನ್ನು ಲೆಕ್ಕ ಹಾಕತಕ್ಕದ್ದು.