ನೇರಳೆ ಬೀಜ ಒಣಗಿದರೆ ಮೊಳೆಯದೇಕೆ?

ಭತ್ತ, ರಾಗಿ, ಅವರೆಗಳ ಬಿತ್ತನೆ ಬೀಜವನ್ನು ಚೆನ್ನಾಗಿ ಒಣಗಿಸಿ ತೆಗೆದಿಡುವುದು ರೈತರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿರುವ ಕ್ರಮ. ಇದೇ ಕ್ರಮವನ್ನು ನೇರಳೆ, ಹಲಸು, ಉಪ್ಪಾಗೆ ಬೀಜಗಳಿಗೆ ಅನುಸರಿಸಿದರೆ ಫಲಿತಾಂಶ ತದ್ವಿರುದ್ಧ. ಒಣಗಿದ ಬೀಜ ಹೊರನೋಟಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಒಳಗಿನ ಭ್ರೂಣ ಮಾತ್ರ ಸತ್ತಿರುತ್ತದೆ.

ಬೀಜಗಳಲ್ಲಿ ಈ ಎರಡು ಸ್ವಭಾವಗಳನ್ನು ಗುರುತಿಸಿ 1973ರಲ್ಲಿ ಹೆಸರಿಟ್ಟವರು ಬ್ರಿಟನ್ನಿನ ವಿಜ್ಞಾನಿ ಇ. ಎಚ್. ರಾಬರ್ಟ್ಸ್. ಧಾನ್ಯಗಳ ಬೀಜ ತಾಯಿಗಿಡದಲ್ಲಿಯೇ ನೀರನ್ನು ಕಳೆದುಕೊಂಡು ನಿದ್ರಾವಸ್ಥೆಗೆ ಜಾರುತ್ತದೆ. ಶೇ 5ರಷ್ಟು ತೇವಾಂಶ ಉಳಿದರೂ ಅದಕ್ಕೆ ಅಪಾಯವಿಲ್ಲ. ನೇರಳೆ, ಹಲಸಿನ ಬೀಜಗಳು ಹಾಗಲ್ಲ. ಅವು ಹಸಿಯಾಗಿಯೇ ನೆಲಕ್ಕೆ ಬೀಳುತ್ತವೆ, ಉಸಿರಾಟವನ್ನು ನಿಲ್ಲಿಸುವುದಿಲ್ಲ. ನೀರು ಆರಿದಂತೆ ಜೀವಕೋಶಗಳ ಪೊರೆ ಹರಿಯುತ್ತದೆ. ಬಳಿಕ ಎಷ್ಟು ನೀರುಣಿಸಿದರೂ ಅದು ಸರಿಹೋಗದು.

ಇದು ನಿಸರ್ಗದ ಲೋಪವಲ್ಲ. ಈ ಹಣ್ಣುಗಳು ಮಾಗುವುದು ಮುಂಗಾರಿನ ಆಸುಪಾಸಿನಲ್ಲಿ. ಬಿದ್ದ ನೆಲವೇ ಒದ್ದೆಯಾಗಿರುವಾಗ ಬೀಜ ಕಾಯಬೇಕಾದ ಅಗತ್ಯವಿಲ್ಲ. ಆದ್ದರಿಂದಲೇ ನೇರಳೆ ಬೀಜವನ್ನು ತಿರುಳು ತೊಳೆದು ಎರಡು ವಾರಗಳೊಳಗೆ ಬಿತ್ತುವುದು ಲೇಸು. ಕೆಲವು ದಿನ ಇಡಲೇಬೇಕಾದರೆ ನೆರಳಿನಲ್ಲಿ, ಒದ್ದೆ ಮರಳು ಅಥವಾ ಮರದ ಹೊಟ್ಟಿನಲ್ಲಿ, ಗಾಳಿಯಾಡುವಂತೆ ಇಡಬೇಕು.

ತಂಗಳುಪೆಟ್ಟಿಗೆಯೂ ಇವಕ್ಕೆ ಆಸರೆಯಲ್ಲ. ಉಷ್ಣವಲಯದ ಇಂತಹ ಬಹುತೇಕ ಬೀಜಗಳಿಗೆ 10ರಿಂದ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯೇ ಮಾರಕ. ಮೊಳಕೆಗೆ 25ರಿಂದ 30 ಡಿಗ್ರಿ ಹಿತಕರ. ಉಪ್ಪಾಗೆಯ ಬೀಜ ಹಸಿಯಾಗಿ ಬಿತ್ತಿದರೂ ಮೊಳೆಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಹೊರಕವಚವನ್ನು ಜಾಗರೂಕತೆಯಿಂದ ಬಿಡಿಸಿದರೆ ಈ ಅವಧಿ ತಗ್ಗುತ್ತದೆ.

ಬೆಳಕಿನ ಪಾತ್ರವೇ ಬೇರೆ. ದಪ್ಪ ಬೀಜಗಳಲ್ಲಿ ಆಹಾರದ ದಾಸ್ತಾನಿರುವುದರಿಂದ ಅವು ಮಣ್ಣಿನ ಕತ್ತಲಲ್ಲಿಯೂ ಮೊಳೆಯುತ್ತವೆ. ಅತ್ತಿ, ಗೋಣಿಯಂತಹ ಮರಗಳ ಬೀಜ ಸಾಸಿವೆಗಿಂತಲೂ ಚಿಕ್ಕದು. ಆಳದಲ್ಲಿ ಮೊಳೆತರೆ ಮೇಲೆ ಬರುವ ತ್ರಾಣ ಅದಕ್ಕಿಲ್ಲ. ಬೆಳಕಿನ ಸುಳಿವು ಸಿಕ್ಕ ಮೇಲೆಯೇ ಅದು ಕಣ್ತೆರೆಯುತ್ತದೆ. ಕೆಂಪು ಬೆಳಕು ಮೊಳಕೆಯನ್ನು ಪ್ರಚೋದಿಸುತ್ತದೆ, ಅದರಾಚೆಯ ದೂರಗೆಂಪು ಬೆಳಕು ತಡೆಯುತ್ತದೆ ಎಂಬುದನ್ನು 1952ರಲ್ಲಿ ಅಮೆರಿಕದ ವಿಜ್ಞಾನಿಗಳು ಲೆಟ್ಯೂಸ್ ಸೊಪ್ಪಿನ ಬೀಜಗಳಲ್ಲಿ ತೋರಿಸಿಕೊಟ್ಟರು. ದಟ್ಟ ಎಲೆಗಳು ಕೆಂಪನ್ನು ಹೀರಿ ದೂರಗೆಂಪನ್ನು ಕೆಳಗೆ ಬಿಡುವುದರಿಂದ ಬೀಜಕ್ಕೆ ತಾನು ನೆರಳಿನಲ್ಲಿರುವುದು ತಿಳಿಯುತ್ತದೆ. ಅತ್ತಿಯ ಬೀಜವನ್ನು ಒದ್ದೆ ಮಣ್ಣಿನ ಮೇಲೆ ಉದುರಿಸಬೇಕೇ ಹೊರತು ಹೂಳಬಾರದು.

ಎಲ್ಲ ಕಾಡುಹಣ್ಣುಗಳೂ ಒಂದೇ ಅಲ್ಲ ಎಂಬುದಕ್ಕೆ ಬೆಟ್ಟದ ನೆಲ್ಲಿ ಸಾಕ್ಷಿ. ಚಳಿಗಾಲದಲ್ಲಿ ಮಾಗುವ ಅದು ಮಳೆಗಾಗಿ ಬೇಸಿಗೆಯನ್ನು ದಾಟಬೇಕು. ಅದರ ಗಟ್ಟಿ ಓಟೆ ಬಿಸಿಲಿಗೆ ಒಣಗಿ ಸಿಡಿದಾಗಲೇ ಬೀಜ ಹೊರಬರುತ್ತದೆ. ಹಣ್ಣು ಯಾವ ಋತುವಿನಲ್ಲಿ ಮಾಗುತ್ತದೆ ಎಂಬುದನ್ನು ಗಮನಿಸಿದರೆ ಬೀಜದ ಸ್ವಭಾವವನ್ನು ಒಂದು ಮಟ್ಟಿಗೆ ಊಹಿಸಬಹುದು.

ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2008ರಲ್ಲಿ ಆರಂಭವಾದ ಬೀಜ ಭಂಡಾರ ಒಣ ಬೀಜಗಳನ್ನು ಮೈನಸ್ 18 ಡಿಗ್ರಿಯಲ್ಲಿ ಕಾಯುತ್ತಿದೆ. ಅಲ್ಲಿ ನೇರಳೆ, ಹಲಸಿನ ಬೀಜ ಬದುಕಲಾರದು. ಇವಕ್ಕೆ ಸಾಮಾನ್ಯರ ಕೈಗೆಟಕುವ ಭಂಡಾರವೆಂದರೆ ಫಲ ಬಿಡುವ ತಾಯಿಮರವೇ. ಸಿಪ್ಪೆಯ ಬೇಡಿಕೆಗಾಗಿ ಉಪ್ಪಾಗೆಯ ಹಣ್ಣನ್ನೆಲ್ಲ ಕೊಯ್ದು, ಬೀಜವನ್ನು ಅಂಗಳದಲ್ಲಿ ಒಣಗಲು ಬಿಟ್ಟರೆ ಆ ವರ್ಷದ ಪೀಳಿಗೆಯೇ ಇಲ್ಲವಾಗುತ್ತದೆ. ಒಂದಷ್ಟು ಹಣ್ಣನ್ನು ಮರದಲ್ಲಿಯೇ ಉಳಿಸಿ, ಬೇರ್ಪಡಿಸಿದ ಬೀಜವನ್ನು ಹಸಿಯಿರುವಾಗಲೇ ಕಾಡಿನ ಅಂಚಿಗೆ ಮರಳಿಸುವುದು ಖರ್ಚಿಲ್ಲದ ಸಂರಕ್ಷಣೆ.